‘ಬೆಡ್ ಇಲ್ಲ’ ಅಂದರೆ ಏನಿಲ್ಲ?

ರಾತ್ರಿ ಎಂಟರ ಹೊತ್ತಿಗೆ ಬೆಂಗಳೂರಿನ ಯಾವುದೇ ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದ ಮುಂದೆ ನಿಂತರೆ ‘ಬೆಡ್ ಇಲ್ಲ’ ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಆಂಬುಲೆನ್ಸ್ ಚಾಲಕನಿಗೂ ಅದೇ ಉತ್ತರ, ಚಿಂತಾಮಣಿಯಿಂದ ರೋಗಿಯನ್ನು ಕರೆತಂದವರಿಗೂ ಅದೇ, ಪಕ್ಕದ ಬೀದಿಯಿಂದ ಆಟೋದಲ್ಲಿ ಬಂದವರಿಗೂ ಅದೇ. ಆದರೆ ಡ್ಯೂಟಿ ಡಾಕ್ಟರ್ ಆ ಮಾತಿನಲ್ಲಿ ಹೇಳುತ್ತಿರುವುದು ಪ್ರತಿ ಸಲವೂ ಒಂದೇ ಸಂಗತಿಯಲ್ಲ. ಮಂಚ ಖಾಲಿ ಇದ್ದು ಆ ಪಾಳಿಗೆ ನೋಡಿಕೊಳ್ಳುವ ಸಿಸ್ಟರ್ ಇಲ್ಲದಿರಬಹುದು. ವೆಂಟಿಲೇಟರ್ ಇದ್ದು ಅದನ್ನು ನಡೆಸಲು ಬಲ್ಲವರು ಇನ್ನೊಂದು ರೋಗಿಯ ಬಳಿ ಇರಬಹುದು. ಬೆಳಿಗ್ಗೆ ಹತ್ತಕ್ಕೇ ಡಿಸ್ಚಾರ್ಜ್ ಬರೆದ ರೋಗಿ ಬಿಲ್ಲಿಗಾಗಿಯೋ ಗಾಡಿಗಾಗಿಯೋ ಕಾಯುತ್ತ ಇನ್ನೂ ಅದೇ ಮಂಚದ ಮೇಲೆ ಕೂತಿರಬಹುದು. ನಿಜವಾಗಿಯೂ ಮಂಚವೇ ಇಲ್ಲದಿರುವುದು ನಾಲ್ಕನೆಯ ಸಾಧ್ಯತೆ. ನಮ್ಮ ಬಜೆಟ್ ಭಾಷಣಗಳು ಉತ್ತರ ಕೊಡುವುದು ಈ ನಾಲ್ಕನೆಯದಕ್ಕೆ ಮಾತ್ರ.

ಮಂಚ ಬೇಡವೆಂದಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷ, 2011ರಲ್ಲಿ 96 ಲಕ್ಷ. ಹತ್ತು ವರ್ಷಕ್ಕೆ ಶೇ 47ರಷ್ಟು ಏರಿಕೆ. ಆಮೇಲೆ ಗಣತಿ ನಡೆಯದೇ ಇದ್ದುದರಿಂದ ಅಂದಾಜಿನಲ್ಲೇ ಕಾಲ ಹಾಕುತ್ತಿದ್ದೇವೆ. ಆ ದಶಕದ ವೇಗವನ್ನೇ ಹಿಡಿದರೂ ವರ್ಷಕ್ಕೆ ಮೂರು ಲಕ್ಷ ಜನ ಹೊಸದಾಗಿ ಸೇರುತ್ತಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳುವುದು ಸಾವಿರ ಜನರಿಗೆ ಎರಡು ಬೆಡ್. ಅಂದರೆ ಈಗಿರುವ ಕೊರತೆ ಹಾಗೇ ಇರಲಿ, ಅದು ಹೆಚ್ಚದಂತೆ ನೋಡಿಕೊಳ್ಳುವುದಕ್ಕೇ ವರ್ಷಕ್ಕೆ 600 ಬೆಡ್ ಬೇಕು. ಒಂದು ತಾಲ್ಲೂಕು ಆಸ್ಪತ್ರೆಗೆ ನೂರು ಬೆಡ್ ಎಂದರೆ, ವರ್ಷಕ್ಕೆ ಆರು ತಾಲ್ಲೂಕು ಆಸ್ಪತ್ರೆ. ಇದರಲ್ಲಿ ಅನಂತಪುರ, ಚಿತ್ತೂರು, ಕೃಷ್ಣಗಿರಿ ಕಡೆಯಿಂದ ಬರುವವರ ಲೆಕ್ಕ ಸೇರಿಲ್ಲ.

ಮಂಚದ ಸಂಖ್ಯೆಯನ್ನೇ ಸಾಮರ್ಥ್ಯ ಎಂದುಕೊಂಡರೆ ಏನಾಗುತ್ತದೆ ಎಂಬುದನ್ನು ಈ ಊರು ಒಮ್ಮೆ ನೋಡಿದೆ. 2020ರಲ್ಲಿ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ 10,100 ಬೆಡ್‌ಗಳ ಕೋವಿಡ್ ಆರೈಕೆ ಕೇಂದ್ರ ಎಂದು ಘೋಷಣೆಯಾಯಿತು. ಜುಲೈಯಲ್ಲಿ ಬಾಗಿಲು ತೆರೆಯಿತು, ಸೆಪ್ಟೆಂಬರಿನಲ್ಲಿ ಮುಚ್ಚಿತು. ಲಕ್ಷಣ ಕಡಿಮೆ ಇದ್ದವರನ್ನು ಇರಿಸಲು ಅದು ಸರಿಯಾಗಿತ್ತು, ಅಷ್ಟೇ. ಏಳು ತಿಂಗಳ ನಂತರ, 2021ರ ಏಪ್ರಿಲ್‌ನಲ್ಲಿ ಜನ ಊರೆಲ್ಲ ಸುತ್ತಿ ಹುಡುಕಿದ್ದು ಆಕ್ಸಿಜನ್ ಇರುವ ಬೆಡ್ಡನ್ನು, ಐಸಿಯು ಬೆಡ್ಡನ್ನು. ಖಾಸಗಿ ಆಸ್ಪತ್ರೆಗಳ ಅರ್ಧದಷ್ಟು ಬೆಡ್‌ಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಪೋರ್ಟಲ್‌ನಲ್ಲಿ ಕಾಣುವ ಖಾಲಿ ಬೆಡ್ ಸಂಖ್ಯೆಗೂ ವಾರ್ಡಿನಲ್ಲಿರುವ ಸಂಖ್ಯೆಗೂ ತಾಳೆಯಾಗದೆ, ಮೇ ತಿಂಗಳಲ್ಲಿ ಅದು ‘ಬೆಡ್ ಬ್ಲಾಕಿಂಗ್’ (ಬೇರೆಯವರ ಹೆಸರಿನಲ್ಲಿ ಬೆಡ್ ಕಾದಿರಿಸಿಟ್ಟ) ಹಗರಣವಾಗಿ ಪೊಲೀಸ್ ಠಾಣೆ ಮುಟ್ಟಿತು.

ಹಾಗಾದರೆ ಒಂದು ಆಸ್ಪತ್ರೆಯ ಸಾಮರ್ಥ್ಯವನ್ನು ಅಳೆಯುವುದು ಹೇಗೆ? ಕೆರೆಯ ಲೆಕ್ಕವೇ ಸಾಕು. ಒಳಹರಿವು ಎಷ್ಟು, ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ಗೊತ್ತಾದರೆ ಕೆರೆ ಎಷ್ಟು ದೊಡ್ಡದಿರಬೇಕೆಂದು ಗೊತ್ತಾಗುತ್ತದೆ. ದಿನಕ್ಕೆ ನೂರು ಜನ ಅಡ್ಮಿಟ್ ಆಗಿ ಸರಾಸರಿ ಐದು ದಿನ ಇದ್ದರೆ ಯಾವ ಹೊತ್ತಿನಲ್ಲಿ ಎಣಿಸಿದರೂ 500 ಮಂದಿ ಒಳಗಿರುತ್ತಾರೆ. 500 ಜನರಿಗೆ 500 ಮಂಚ ಸಾಲದು. ಗಂಡಸರ ವಾರ್ಡಿನಲ್ಲಿ ಖಾಲಿ ಇದ್ದರೆ ಹೆಂಗಸರಿಗೆ ಪ್ರಯೋಜನವಿಲ್ಲ, ಸೋಂಕಿನ ರೋಗಿಯನ್ನು ಬೇರೆ ಇಡಬೇಕು, ಸೋಮವಾರ ಬರುವಷ್ಟು ಜನ ಭಾನುವಾರ ಬರುವುದಿಲ್ಲ. ಸರಾಸರಿ ಭರ್ತಿ ಶೇ 85ರ ಸುತ್ತ ಇದ್ದರೆ ಆಸ್ಪತ್ರೆ ಉಸಿರಾಡುತ್ತದೆ, ಶೇ 90 ದಾಟಿದರೆ ಆಗಾಗ ಕಟ್ಟಿಕೊಳ್ಳುತ್ತದೆ ಎಂಬುದು ಈ ಕೆಲಸದಲ್ಲಿರುವವರು ಒಪ್ಪಿಕೊಂಡ ಮಾತು. ಆ ಲೆಕ್ಕದಲ್ಲಿ 500 ರೋಗಿಗಳಿಗೆ 588 ಬೆಡ್ ಬೇಕು. ಈಗ ರೋಗಿಯ ಆಸ್ಪತ್ರೆಯಲ್ಲಿನ ಇರುವಿಕೆಯನ್ನು ಐದು ದಿನದಿಂದ ನಾಲ್ಕಕ್ಕೆ ಇಳಿಸಿ ನೋಡಿ. ಒಳಗಿರುವವರು 400, ಬೇಕಾದ ಬೆಡ್ 471. ಒಂದು ಇಟ್ಟಿಗೆಯನ್ನೂ ಇಡದೆ 117 ಬೆಡ್ ಸಿಕ್ಕವು.

ಆ ಐದನೆಯ ದಿನ ಎಲ್ಲಿ ಹೋಗುತ್ತದೆ? ಶಸ್ತ್ರಚಿಕಿತ್ಸೆಗೆ ಎರಡು ದಿನ ಮೊದಲೇ ಅಡ್ಮಿಟ್ ಆಗಿ ರಕ್ತಪರೀಕ್ಷೆ, ಇಸಿಜಿ, ಅರಿವಳಿಕೆ ತಜ್ಞರ ತಪಾಸಣೆಗೆ ಕಾಯುವುದರಲ್ಲಿ ಒಂದು ಪಾಲು ಹೋಗುತ್ತದೆ. ಅವೆಲ್ಲ ಓಪಿಡಿಯಲ್ಲೇ, ಅಂದರೆ ಹೊರರೋಗಿ ವಿಭಾಗದಲ್ಲೇ ಮುಗಿಯಬೇಕಾದವು. ಶುಕ್ರವಾರ ಸಂಜೆ ಬಂದವರಿಗೆ ಸೋಮವಾರದ ತನಕ ಅಲ್ಟ್ರಾಸೌಂಡ್ ಆಗದಿರುವುದು ಇನ್ನೊಂದು ಪಾಲು. ಎಂಆರ್‌ಐ ಯಂತ್ರವನ್ನು ರಾತ್ರಿ ಹತ್ತರ ತನಕ ನಡೆಸಲು ಒಬ್ಬ ಟೆಕ್ನೀಷಿಯನ್ ಹೆಚ್ಚಿಗೆ ಬೇಕು, ಅಷ್ಟೇ. ಆ ಒಂದು ಹುದ್ದೆ ಉಳಿಸಲು ಹೋಗಿ ಇಪ್ಪತ್ತು ಬೆಡ್ ಕಟ್ಟಿಹಾಕುವ ಲೆಕ್ಕಾಚಾರ ನಮ್ಮಲ್ಲಿ ಬಹಳ ಕಡೆ ನಡೆಯುತ್ತದೆ.

ಇದಕ್ಕಿಂತ ಕಣ್ಣಿಗೆ ಕಾಣುವುದು ಡಿಸ್ಚಾರ್ಜ್ ದಿನ. ಒಂದು ಮಂಚವನ್ನು ಬೆಳಿಗ್ಗೆಯಿಂದ ಹಿಂಬಾಲಿಸಿ. ಒಂಬತ್ತೂವರೆಗೆ ರೌಂಡ್ಸ್. ಹಿರಿಯ ವೈದ್ಯರು ‘ಮನೆಗೆ ಕಳಿಸಬಹುದು’ ಎಂದು ಮುಂದೆ ಹೋಗುತ್ತಾರೆ. ಜೊತೆಯಲ್ಲಿದ್ದ ಪಿಜಿಗೆ, ಅಂದರೆ ಸ್ನಾತಕೋತ್ತರ ಓದುತ್ತಿರುವ ಕಿರಿಯ ವೈದ್ಯನಿಗೆ, ಆ ದಿನ ಬರೆಯಬೇಕಾದ ಡಿಸ್ಚಾರ್ಜ್ ಸಮ್ಮರಿ ಎಂಟು. ರೌಂಡ್ಸ್ ಮುಗಿಯುವುದು ಹನ್ನೊಂದಕ್ಕೆ, ಆಮೇಲೆ ಆತ ಓಟಿಗೋ (ಆಪರೇಷನ್ ಥಿಯೇಟರ್) ಓಪಿಡಿಗೋ ಹೋಗಲೇಬೇಕು. ಸಮ್ಮರಿ ಟೈಪ್ ಆಗುವುದು ಎರಡು ಗಂಟೆಗೆ. ಉಳಿದ ಔಷಧ ಫಾರ್ಮಸಿಗೆ ವಾಪಸಾಗಿ ಲೆಕ್ಕ ಮುರಿಯಬೇಕು. ಸರ್ಕಾರಿ ಆರೋಗ್ಯ ಯೋಜನೆಯ ರೋಗಿಯಾದರೆ ಆ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರು ಫೋಟೊ ಮತ್ತು ದಾಖಲೆಗಳನ್ನು ಪೋರ್ಟಲ್‌ಗೆ ಏರಿಸಬೇಕು. ವಿಮೆಯವರಾದರೆ ಕೊನೆಯ ಒಪ್ಪಿಗೆ ಬರಬೇಕು. ಇದಕ್ಕೆ ಮೂರು ಗಂಟೆಗಿಂತ ಹೆಚ್ಚು ಹಿಡಿಯಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಯಮ ಮಾಡಿದೆ, ಆದರೆ ಆಸ್ಪತ್ರೆ ಕಾಗದ ಕಳಿಸುವುದೇ ಮೂರಕ್ಕಾದರೆ ನಿಯಮವೇನು ಮಾಡೀತು. ಅಷ್ಟರಲ್ಲಿ ಮನೆಯವರು ‘ಈ ಹೊತ್ತಿಗೆ ಹೊರಟರೆ ಊರು ಸೇರುವಾಗ ರಾತ್ರಿಯಾಗುತ್ತದೆ, ನಾಳೆ ಬೆಳಿಗ್ಗೆ ಹೋಗ್ತೀವಿ’ ಅನ್ನುತ್ತಾರೆ. ತಪ್ಪೇನೂ ಇಲ್ಲ. ಒಪ್ಪಿ ಹೊರಟರೂ ಆಮೇಲೆ ಹಾಸಿಗೆ ಒರೆಸಿ, ಹೈಪೋಕ್ಲೋರೈಟ್ ಹಾಕಿ ನೆಲ ಸಾರಿಸಿ, ಹೊಸ ಚಾದರ ಹಾಸಲು ಮುಕ್ಕಾಲು ಗಂಟೆ. ಡಿ ಗ್ರೂಪ್ ಪಾಳಿ ಬದಲಾಗುವ ಹೊತ್ತಾದರೆ ಒಂದೂವರೆ ಗಂಟೆ. ಸಂಜೆ ಆರಕ್ಕೆ ಮಂಚ ಖಾಲಿ. ಕ್ಯಾಶುವಾಲ್ಟಿಯಲ್ಲಿ ಟ್ರಾಲಿ ಮೇಲೆ ಮಲಗಿದ ರೋಗಿ ಬೆಳಿಗ್ಗೆಯಿಂದ ಕಾಯುತ್ತಿರುವುದು ಇದೇ ಮಂಚಕ್ಕೆ.

500 ಬೆಡ್‌ಗಳ ಆಸ್ಪತ್ರೆಯಲ್ಲಿ ಶೇ 85 ಭರ್ತಿ, ಐದು ದಿನದ ಇರುವಿಕೆ ಅಂದುಕೊಂಡರೆ ದಿನಕ್ಕೆ 85 ಡಿಸ್ಚಾರ್ಜ್. ಪ್ರತಿಯೊಂದಕ್ಕೂ ಎಂಟು ಗಂಟೆ ವ್ಯರ್ಥವಾದರೆ 680 ಗಂಟೆ. 24ರಿಂದ ಭಾಗಿಸಿದರೆ 28 ಬೆಡ್. ಇಡೀ ಒಂದು ವಾರ್ಡಿಗೆ ದಿನಪೂರ್ತಿ ಬೀಗ ಹಾಕಿದಂತೆ. ಎಂಟನ್ನು ನಾಲ್ಕಕ್ಕೆ ಇಳಿಸುವ ದಾರಿಗಳೇನೂ ಗುಟ್ಟಲ್ಲ. ನಾಳೆ ಹೋಗುವವರ ಪಟ್ಟಿಯನ್ನು ಇಂದು ಸಂಜೆಯೇ ಮಾಡಿ ಸಮ್ಮರಿಯ ಕರಡು ಸಿದ್ಧವಿಡುವುದು. ರೌಂಡ್ಸ್‌ನಲ್ಲಿ ಮನೆಗೆ ಹೋಗುವವರನ್ನು ಮೊದಲು ನೋಡಿ, ಆಮೇಲೆ ಉಳಿದವರನ್ನು ನೋಡುವುದು. ಕಾಗದ, ಗಾಡಿಗೆ ಕಾಯುವವರನ್ನು ಮಂಚದಿಂದ ಇಳಿಸಿ ಕೂರಿಸಲು ಇಪ್ಪತ್ತು ಒರಗು ಕುರ್ಚಿ, ಒಬ್ಬ ಸಿಸ್ಟರ್, ಒಂದು ಶೌಚಾಲಯ ಇರುವ ಕೊಠಡಿ. ಇದಕ್ಕೆ ಶಿಲಾನ್ಯಾಸವೂ ಇಲ್ಲ, ಉದ್ಘಾಟನೆಯೂ ಇಲ್ಲ. ಬಹುಶಃ ಅದಕ್ಕೇ ಆಗುವುದೂ ಇಲ್ಲ.

ವ್ಯರ್ಥವಾಗುವ ಸಮಯ ಒಂದಾದರೆ, ಎರಡನೆಯ ಕೊರತೆ ಜನರದ್ದು. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬ ಸಿಸ್ಟರ್ ಎಂಬ ಸಡಿಲ ಅಳತೆಯನ್ನೇ ಇಟ್ಟುಕೊಳ್ಳೋಣ. ನೂರು ಬೆಡ್‌ಗೆ ಪಾಳಿಗೆ 17, ಮೂರು ಪಾಳಿಗೆ 51. ವಾರದ ರಜೆ, ಹೆರಿಗೆ ರಜೆ, ಕಾಯಿಲೆ ರಜೆಗೆಂದು ಶೇ 30 ಸೇರಿಸಿದರೆ 66 ಹುದ್ದೆ. ಇನ್ನು ವೆಂಟಿಲೇಟರ್ ಇರುವ 20 ಬೆಡ್‌ಗಳ ಐಸಿಯು ತೆಗೆದುಕೊಳ್ಳಿ. ಅಲ್ಲಿ ಒಬ್ಬ ರೋಗಿಗೆ ಒಬ್ಬ ಸಿಸ್ಟರ್. ಪಾಳಿಗೆ 20, ಮೂರು ಪಾಳಿಗೆ 60, ರಜೆ ಮೀಸಲು ಸೇರಿ 78. ಇಪ್ಪತ್ತು ಐಸಿಯು ಬೆಡ್‌ಗೆ ನೂರು ವಾರ್ಡ್ ಬೆಡ್‌ಗಿಂತ ಹೆಚ್ಚು ಕೈ ಬೇಕು. ಅದೂ ವೆಂಟಿಲೇಟರ್ ಅಲಾರಂ ಯಾಕೆ ಕೂಗಿತು, ಟ್ಯೂಬಿನಲ್ಲಿ ಕಫ ಕಟ್ಟಿದೆಯೋ ಇಲ್ಲ ರೋಗಿ ಕಚ್ಚಿದ್ದಾನೋ ಎಂದು ನೋಡಿದೊಡನೆ ಗುರುತಿಸಬಲ್ಲ ಕೈ. ನರ್ಸಿಂಗ್ ಮುಗಿಸಿದವರು ಅಷ್ಟು ಪಳಗಲು ತಿಂಗಳುಗಳು ಬೇಕು. ಪಳಗಿದ ಮೇಲೆ ಖಾಸಗಿಯವರು ಕರೆಯುತ್ತಾರೆ, ಅಲ್ಲಿಂದ ಕೊಲ್ಲಿ ದೇಶಗಳು, ಅಲ್ಲಿಂದ ಬ್ರಿಟನ್. ಗುತ್ತಿಗೆಯ ಸಂಬಳದಲ್ಲಿ ಅವರನ್ನು ಹಿಡಿದಿಡುವುದು ಸಾಧ್ಯವಿಲ್ಲ. ಕೋವಿಡ್ ಕಾಲದಲ್ಲಿ ಬಂದ ವೆಂಟಿಲೇಟರ್‌ಗಳು ದೇಶದ ಎಷ್ಟೋ ಕಡೆ ಪೆಟ್ಟಿಗೆಯಲ್ಲೇ ಉಳಿದದ್ದಕ್ಕೆ ಒಂದು ಕಾರಣ ಇದೇ.

ಸರ್ಕಾರಿ ಕಟ್ಟಡ ಎದ್ದು ನಿಂತ ಮೇಲೂ ವರ್ಷಗಟ್ಟಲೆ ಬಾಗಿಲು ತೆರೆಯದಿರುವುದರ ಹಿಂದೆ ಇರುವುದೂ ಇದೇ ಹುದ್ದೆಯ ಕಡತ. ಕಟ್ಟಡಕ್ಕೆ ಹಣ ಬರುವುದು ಬಜೆಟ್ಟಿನ ಒಂದು ತಲೆಬರಹದಿಂದ, ಸಂಬಳಕ್ಕೆ ಇನ್ನೊಂದರಿಂದ. ಹುದ್ದೆ ಮಂಜೂರಾಗಲು ಆರ್ಥಿಕ ಇಲಾಖೆಯ ಸಹಮತಿ ಬೇಕು, ಆಮೇಲೆ ನೇಮಕಾತಿ ಅಧಿಸೂಚನೆ, ಪಟ್ಟಿ, ಆಕ್ಷೇಪಣೆ, ಕೋರ್ಟು. ನಡುವೆ ಉದ್ಘಾಟನೆಯ ದಿನಾಂಕ ಬಂದುಬಿಟ್ಟರೆ ಬೇರೆ ಆಸ್ಪತ್ರೆಯ ಸಿಬ್ಬಂದಿಯನ್ನು ‘ನಿಯೋಜನೆ’ ಮೇಲೆ ತಂದು ಕೂರಿಸುತ್ತಾರೆ. ಹೊಸ ಕಡೆ ಐವತ್ತು ಬೆಡ್ ತೆರೆಯಿತು, ಹಳೆಯ ಕಡೆ ಐವತ್ತು ಸದ್ದಿಲ್ಲದೆ ಮುಚ್ಚಿತು. ಪತ್ರಿಕೆಯಲ್ಲಿ ಬರುವುದು ಮೊದಲನೆಯದು ಮಾತ್ರ. ದಾನಿಗಳ ದುಡ್ಡಿಗೂ ಈ ಮಿತಿ ಇದೆ. 2021ರಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಜಯದೇವ ಹೃದ್ರೋಗ ಸಂಸ್ಥೆಗೆ 350 ಬೆಡ್‌ಗಳ ಬ್ಲಾಕ್ ಕಟ್ಟಿಸಿಕೊಟ್ಟಿತು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 800 ಬೆಡ್‌ಗಳ ಆಸ್ಪತ್ರೆಗಾಗಿ 425 ಕೋಟಿ ರೂಪಾಯಿ ದಾನ ಘೋಷಣೆಯಾಯಿತು. ದೊಡ್ಡ ಕೊಡುಗೆಗಳೇ. ಆದರೆ ಆಸ್ಪತ್ರೆಗೆ ಕಟ್ಟಡದ ಖರ್ಚು ಒಮ್ಮೆ ಬರುವಂಥದ್ದು, ನಡೆಸುವ ಖರ್ಚು ಪ್ರತಿ ತಿಂಗಳು ಒಂದನೇ ತಾರೀಖು ಬರುವಂಥದ್ದು. ಕೆಲವೇ ವರ್ಷಗಳಲ್ಲಿ ಎರಡನೆಯದು ಮೊದಲನೆಯದನ್ನು ದಾಟುತ್ತದೆ, ಅದನ್ನು ಹೊರುವ ದಾನಿಗಳು ಅಪರೂಪ.

ಗೋಡೆಯೊಳಗಿನ ಕೊಳವೆಗಳ ವಿಚಾರ ಇನ್ನೂ ಕಡಿಮೆ ಚರ್ಚೆಯಾಗುವುದು. ವಾರ್ಡನ್ನು ಐಸಿಯು ಮಾಡಿದೆವು ಎಂದು ಹೇಳುವುದು ಸುಲಭ. ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಪಡೆಯುವ ರೋಗಿ ದಿನಕ್ಕೆ 14,400 ಲೀಟರ್ ಬಳಸುತ್ತಾನೆ, ಅಂದರೆ ಏಳು ಘನ ಮೀಟರಿನ ಎರಡು ಜಂಬೊ ಸಿಲಿಂಡರ್. ಮೂಗಿಗೆ ಹಾಕುವ ಹೈ ಫ್ಲೋ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರ್ ಪೂರ್ತಿ ಆಕ್ಸಿಜನ್ ಹರಿಸಿದರೆ ಒಬ್ಬನಿಗೇ ದಿನಕ್ಕೆ ಹನ್ನೆರಡು ಸಿಲಿಂಡರ್. ಅಂಥ ಹತ್ತು ರೋಗಿಗಳಿಗೆ ದಿನಕ್ಕೆ ಒಂದು ಟನ್‌ಗೂ ಮಿಕ್ಕಿ ದ್ರವ ಆಕ್ಸಿಜನ್. ಟ್ಯಾಂಕ್ ತುಂಬಿದ್ದರೂ ಎರಡು ಕಡೆ ಕೈಕೊಡುತ್ತದೆ. ಒಂದು, ದ್ರವವನ್ನು ಅನಿಲ ಮಾಡುವ ವೇಪರೈಸರ್. ಅದರ ಶಕ್ತಿ ಮೀರಿ ಎಳೆದರೆ ರೆಕ್ಕೆಗಳ ಮೇಲೆ ಮಂಜು ದಪ್ಪಗೆ ಕಟ್ಟಿ ಹರಿವು ಕುಸಿಯುತ್ತದೆ. 2021ರ ಬೇಸಿಗೆಯಲ್ಲಿ ದೇಶದ ಹಲವೆಡೆ ಅದಕ್ಕೆ ನೀರು ಹೊಯ್ದು ಮಂಜು ಕರಗಿಸುತ್ತಿದ್ದರು. ಇನ್ನೊಂದು, ಹಳೆಯ ಕಟ್ಟಡದ ತಾಮ್ರದ ಕೊಳವೆ. ಇಪ್ಪತ್ತು ಬೆಡ್‌ಗಳಲ್ಲಿ ಐದಾರು ಮಂದಿಗೆ ಮಾತ್ರ ಒಮ್ಮೆಗೇ ಆಕ್ಸಿಜನ್ ಬೇಕಾದೀತು ಎಂದು ಅದರ ವ್ಯಾಸ ಆರಿಸಿರುತ್ತಾರೆ. ಎಲ್ಲರೂ ಒಟ್ಟಿಗೆ ಎಳೆದಾಗ ಕೊಳವೆಯ ಕೊನೆಯ ಬೆಡ್‌ನಲ್ಲಿ ಒತ್ತಡ ಬೀಳುತ್ತದೆ, ವೆಂಟಿಲೇಟರ್ ಕೂಗತೊಡಗುತ್ತದೆ. ರಾಜ್ಯದ ಪಾಲಿನ ಆಕ್ಸಿಜನ್ನನ್ನು ದಿನಕ್ಕೆ 1,200 ಟನ್‌ಗೆ ಏರಿಸಬೇಕೆಂದು 2021ರ ಮೇಯಲ್ಲಿ ಹೈಕೋರ್ಟ್ ಆದೇಶಿಸಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಟ್ಯಾಂಕರ್ ಬಂದಮೇಲಿನ ಸಮಸ್ಯೆ ಕೊಳವೆಯದ್ದು. ಹೊಸ ಕಟ್ಟಡಕ್ಕೆ ಟೆಂಡರ್ ಬರೆಯುವಾಗಲೇ ಪ್ರತಿ ವಾರ್ಡನ್ನೂ ಒಂದು ದಿನ ಐಸಿಯು ಮಾಡಬೇಕಾದೀತು ಎಂದುಕೊಂಡು ದಪ್ಪ ಕೊಳವೆ, ಪ್ರತಿ ಮಂಚಕ್ಕೆ ಹೆಚ್ಚಿಗೆ ಪ್ಲಗ್ ಪಾಯಿಂಟ್, ಯುಪಿಎಸ್ ಸಾಲು ಹಾಕಿಸಿದರೆ ಆಗುವ ಖರ್ಚು ಚಿಕ್ಕದು. ಆಮೇಲೆ ಗೋಡೆ ಒಡೆದು ಹಾಕಿಸುವುದು ದೊಡ್ಡದು.

ನೀರಿನ ಲೆಕ್ಕ ಬೆಂಗಳೂರಿಗರಿಗೆ ಬೇಗ ಅರ್ಥವಾದೀತು. ನೂರಕ್ಕಿಂತ ಹೆಚ್ಚು ಬೆಡ್ ಇರುವ ಆಸ್ಪತ್ರೆಗೆ ಬೆಡ್ಡಿಗೆ ದಿನಕ್ಕೆ 450 ಲೀಟರ್ ಎಂಬುದು ಭಾರತೀಯ ಮಾನಕ. 500 ಬೆಡ್‌ಗೆ ಎರಡೂಕಾಲು ಲಕ್ಷ ಲೀಟರ್, ಅಂದರೆ 12,000 ಲೀಟರಿನ ಹತ್ತೊಂಬತ್ತು ಟ್ಯಾಂಕರ್, ಪ್ರತಿದಿನ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ ಊರು ಒದ್ದಾಡಿದ್ದು ಹೊರವಲಯದಲ್ಲಿ. ಹೊಸ ಆಸ್ಪತ್ರೆಗಳಿಗೆ ಜಾಗ ಸಿಗುವುದೂ ಹೊರವಲಯದಲ್ಲೇ. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ದಿನಕ್ಕೆ 77.5 ಕೋಟಿ ಲೀಟರ್ ನೀರು ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ತಿರುಗಿತು. ಹಾಗಾಗಿ ಈಗ ಜಾಗ ಆರಿಸುವಾಗ ಮೆಟ್ರೊ ಎಷ್ಟು ಹತ್ತಿರ ಎಂದು ಕೇಳುವ ಮೊದಲು ಕಾವೇರಿ ಪೈಪು ಎಷ್ಟು ಹತ್ತಿರ ಎಂದು ಕೇಳಬೇಕು. ಡಯಾಲಿಸಿಸ್‌ಗಂತೂ ನೀರೇ ಚಿಕಿತ್ಸೆ. ಒಬ್ಬರಿಗೆ ನಾಲ್ಕು ಗಂಟೆಯ ಒಂದು ಸರದಿಗೆ ಶುದ್ಧ ನೀರು 120 ಲೀಟರ್, ಆರ್‌ಒ ಯಂತ್ರ ಹೊರಚೆಲ್ಲುವುದು ಬೇರೆ. ಒಂದು ಯಂತ್ರ ದಿನಕ್ಕೆ ಮೂರು ಸರದಿಯಂತೆ ವಾರಕ್ಕೆ ಆರು ದಿನ ನಡೆದರೆ 18 ಸರದಿ. ವಾರಕ್ಕೆ ಎರಡು ಸಲ ಬರುವ ಒಂಬತ್ತು ಜನರಿಗೆ ಸಾಕು, ಮೂರು ಸಲ ಬರಬೇಕಾದವರಾದರೆ ಆರೇ ಜನ. ‘ಹತ್ತು ಯಂತ್ರ ಕೊಟ್ಟಿದ್ದೇವೆ’ ಎಂದಾಗ ಅರ್ಥಮಾಡಿಕೊಳ್ಳಬೇಕಾದದ್ದು ತೊಂಬತ್ತು ಜನ, ಅಷ್ಟೇ ಎಂದು. ಗಡಸು ಬೋರ್‌ವೆಲ್ ನೀರು ಬಿಟ್ಟು ಅದನ್ನು ಸೋಸುವ ಪೊರೆ ಹಾಳಾದರೆ ಆ ತೊಂಬತ್ತು ಜನರಿಗೆ ಮರುದಿನವೇ ಬೇರೆ ಜಾಗ ಹುಡುಕಬೇಕು, ಅವರ ಕಾಯಿಲೆ ಒಂದು ವಾರ ತಡೆಯುವಂಥದ್ದಲ್ಲ.

ಎಲ್ಲಿ ಕಟ್ಟಬೇಕು ಎಂಬುದೇ ನಿಜವಾದ ವಾದ. ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದದ್ದು 1900ರಲ್ಲಿ, ವಾಣಿವಿಲಾಸ 1935ರಲ್ಲಿ. ಬೌರಿಂಗ್ ಅದಕ್ಕಿಂತಲೂ ಹಳೆಯದು. ಕೆ.ಆರ್. ಮಾರ್ಕೆಟ್ ಮತ್ತು ಶಿವಾಜಿನಗರದ ಸುತ್ತ ಊರು ಇದ್ದ ಕಾಲದ ಭೂಪಟ ಅದು. ಊರು ವೈಟ್‌ಫೀಲ್ಡ್, ಯಲಹಂಕ, ಆನೇಕಲ್ ಮುಟ್ಟಿದರೂ ಸರ್ಕಾರಿ ಬೆಡ್‌ಗಳ ಭಾರ ಇನ್ನೂ ನಡುವೆಯೇ ಇದೆ. ಖಾಸಗಿ ಆಸ್ಪತ್ರೆಗಳು ಐಟಿ ರಸ್ತೆಗಳ ಹಿಂದೆ ಹೋಗಿವೆ, ಅಲ್ಲಿ ವಿಮೆ ಇರುವವರಿಗೆ ತೊಂದರೆಯಿಲ್ಲ. ಅದೇ ರಸ್ತೆಯ ಪಕ್ಕದ ಶೆಡ್‌ಗಳಲ್ಲಿರುವ ಕಟ್ಟಡ ಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೆರಿಗೆಗೆ, ಡೆಂಗಿಗೆ, ಮುರಿದ ಕೈಗೆ ಸಿಲ್ಕ್ ಬೋರ್ಡ್ ದಾಟಿ ಮಾರ್ಕೆಟ್ ತನಕ ಬರುತ್ತಾರೆ. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಅಳತೆ 50,000 ಜನರಿಗೆ ಒಂದು ಪ್ರಾಥಮಿಕ ಕೇಂದ್ರ. ಮಹಾನಗರದಲ್ಲಿ ಐದು ಲಕ್ಷಕ್ಕೆ 75ರಿಂದ 100 ಬೆಡ್‌ಗಳ ಒಂದು ಸಮುದಾಯ ಆಸ್ಪತ್ರೆ. 2023ರಿಂದ ವಾರ್ಡ್‌ವಾರು ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾ ಕೇಂದ್ರಗಳು ಬಂದವು. ಜ್ವರ, ಬಿಪಿ, ಸಕ್ಕರೆ ನೋಡಲು ಅವು ಸಾಕು. ನಡುವಿನ ಮೆಟ್ಟಿಲು, ಅಂದರೆ ಅಪೆಂಡಿಕ್ಸ್ ತೆಗೆಯುವ, ಸಿಸೇರಿಯನ್ ಮಾಡುವ, ಪ್ಲೇಟ್‌ಲೆಟ್ ಬಿದ್ದವರನ್ನು ನಾಲ್ಕು ದಿನ ಇರಿಸಿಕೊಳ್ಳುವ ನೂರು ಬೆಡ್‌ಗಳ ಆಸ್ಪತ್ರೆ ಹೊರವಲಯದಲ್ಲಿ ತೆಳುವಾಗಿದೆ. ಅಲ್ಲಿ ಇಬ್ಬರು ಅರಿವಳಿಕೆ ತಜ್ಞರು ಮತ್ತು ರಕ್ತ ಸಂಗ್ರಹ ಘಟಕ ಇಲ್ಲದಿದ್ದರೆ ರಾತ್ರಿ ಒಂಬತ್ತರ ನಂತರ ಬರುವ ಪ್ರತಿ ಹೆರಿಗೆಯನ್ನೂ ವಾಣಿವಿಲಾಸದ ಕಡೆ ಕಳಿಸುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಒಬ್ಬರೇ ತಜ್ಞರಿದ್ದರೆ ಅವರ ರಜೆಯ ದಿನ ಆಸ್ಪತ್ರೆಗೂ ರಜೆ.

ಆದರೆ ಐಸಿಯುಗೆ ಈ ತರ್ಕ ತಿರುಗುಮುರುಗು. ಊರಿನ ನಾಲ್ಕು ಮೂಲೆಗೆ ಹತ್ತು ಹತ್ತು ಐಸಿಯು ಬೆಡ್ ಹಂಚುವುದು ರಾಜಕೀಯವಾಗಿ ಚೆಂದ. ಸಂಖ್ಯಾಶಾಸ್ತ್ರ ಬೇರೆ ಹೇಳುತ್ತದೆ. ಸರಾಸರಿ ಎಂಟು ರೋಗಿಗಳು ಬೇಕೆನ್ನುವ ಹತ್ತು ಬೆಡ್‌ಗಳ ಘಟಕದಲ್ಲಿ ಬೇಡಿಕೆ ಹತ್ತನ್ನು ಮೀರುವ ಸಂಭವ ಶೇ 18. ಅಂದರೆ ಐದಾರು ದಿನಕ್ಕೊಮ್ಮೆ ಯಾರೋ ಹೊರಗುಳಿಯುತ್ತಾರೆ. ಅದೇ ಅನುಪಾತದಲ್ಲಿ, 32 ರೋಗಿಗಳಿಗೆ 40 ಬೆಡ್ ಒಂದೇ ಕಡೆ ಇದ್ದರೆ ಬೇಡಿಕೆ ಮೀರುವ ಸಂಭವ ಶೇ 7ರ ಸುತ್ತ. ಬೆಡ್ ಅಷ್ಟೇ, ನರ್ಸ್‌ಗಳು ಅಷ್ಟೇ, ವಾಪಸ್ ಹೋಗುವವರು ಅರ್ಧಕ್ಕಿಂತ ಕಡಿಮೆ. ಪುಟ್ಟ ಐಸಿಯುವಿನಲ್ಲಿ ರಾತ್ರಿ ಪಾಳಿಗೆ ತಜ್ಞರು ಸಿಗದ ಕಷ್ಟವೂ ಇರುತ್ತದೆ. ಹಾಗಾಗಿ ವಾರ್ಡ್ ಬೆಡ್ ಮನೆ ಹತ್ತಿರ, ಐಸಿಯು ಬೆಡ್ ಕೆಲವೇ ಕಡೆ ಒಟ್ಟಾಗಿ, ನಡುವೆ ಒಳ್ಳೆಯ ಆಂಬುಲೆನ್ಸ್. 2008ರಿಂದ ಓಡುತ್ತಿರುವ 108ಕ್ಕೆ ಯಾವ ಆಸ್ಪತ್ರೆಯಲ್ಲಿ ಈ ಕ್ಷಣ ಐಸಿಯು ಖಾಲಿ ಇದೆ ಎಂದು ಹೊರಡುವ ಮೊದಲೇ ತಿಳಿಯುವಂತಾದರೆ, ರೋಗಿಯನ್ನು ಹೊತ್ತು ಮೂರು ಗೇಟ್ ಸುತ್ತುವುದು ತಪ್ಪುತ್ತದೆ.

ಈ ಊರಿನದೇ ಆದ ಇನ್ನೊಂದು ತೊಡಕು, ಆಸ್ಪತ್ರೆಗಳನ್ನು ಅಂಗಾಂಗದ ಪ್ರಕಾರ ಹಂಚಿಟ್ಟಿರುವುದು. ತಲೆಗೆ ನಿಮ್ಹಾನ್ಸ್, ಎದೆಗೆ ಜಯದೇವ, ಮೂಳೆಗೆ ಸಂಜಯ್ ಗಾಂಧಿ, ಕಣ್ಣಿಗೆ ಮಿಂಟೊ, ಕ್ಯಾನ್ಸರ್‌ಗೆ ಕಿದ್ವಾಯಿ. ಒಂದೊಂದೂ ತನ್ನ ಕೆಲಸದಲ್ಲಿ ಹೆಸರು ಮಾಡಿದವೇ. ಆದರೆ ನೈಸ್ ರಸ್ತೆಯಲ್ಲಿ ಬೈಕಿನಿಂದ ಬಿದ್ದವನು ತಲೆ, ತೊಡೆ, ಹೊಟ್ಟೆ ಮೂರಕ್ಕೂ ಒಟ್ಟಿಗೆ ಪೆಟ್ಟು ಮಾಡಿಕೊಂಡಿರುತ್ತಾನೆ. ಅಂಥವನಿಗೆ ಎಲ್ಲ ತಜ್ಞರೂ ಒಂದೇ ಸೂರಿನಡಿ ಬೇಕು. ಉತ್ತರದ ಕ್ಯಾಲಸನಹಳ್ಳಿಯಲ್ಲಿ ನಿಮ್ಹಾನ್ಸ್ ಯೋಜಿಸಿರುವ ಪಾಲಿಟ್ರಾಮಾ ಕೇಂದ್ರಕ್ಕೆ ಅರ್ಥ ಬರುವುದು ಇಲ್ಲೇ.

ಇನ್ನು ಬೆಂಗಳೂರಿನ ಬೆಡ್ಡನ್ನು ಬೆಂಗಳೂರಿನಲ್ಲೇ ಕಟ್ಟಬೇಕೆಂದೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಬೆಡ್‌ಗಳ ಜಯದೇವ ಆಸ್ಪತ್ರೆ ತೆರೆಯಿತು. ಮೈಸೂರಿನಲ್ಲಿ ಮೊದಲೇ ಇತ್ತು. ಎದೆನೋವೆಂದು ರಾತ್ರಿ ರೈಲು ಹತ್ತಿ ಬನ್ನೇರುಘಟ್ಟ ರಸ್ತೆಗೆ ಬರುತ್ತಿದ್ದ ಕಲ್ಯಾಣ ಕರ್ನಾಟಕದ ರೋಗಿ ಅಲ್ಲೇ ಉಳಿದರೆ ಅವನಿಗೆ ಆರುನೂರು ಕಿಲೊಮೀಟರ್ ಉಳಿಯಿತು, ಇಲ್ಲಿ ಒಂದು ಬೆಡ್ ಉಳಿಯಿತು, ಜೊತೆಗೆ ಬಂದ ಇಬ್ಬರು ಆಸ್ಪತ್ರೆಯ ಮೊಗಸಾಲೆಯಲ್ಲಿ ಚಾಪೆ ಹಾಸುವುದೂ ತಪ್ಪಿತು. ದೂರದ ರೋಗಿ ವೈದ್ಯಕೀಯವಾಗಿ ಬೇಕಾದುದಕ್ಕಿಂತ ಒಂದೆರಡು ದಿನ ಹೆಚ್ಚೇ ಇರುತ್ತಾನೆ, ಮತ್ತೆ ಬರಲಾಗದೆಂದು ಹೊಲಿಗೆ ಬಿಚ್ಚುವ ತನಕ ಅವನನ್ನು ಕಳಿಸಲು ವೈದ್ಯರಿಗೂ ಮನಸ್ಸು ಬರುವುದಿಲ್ಲ.

ಹಳೆಯ ಆವರಣದಲ್ಲೇ ಇನ್ನೆರಡು ಮಹಡಿ ಏರಿಸೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಜಾಗಕ್ಕೆ ದುಡ್ಡು ಕೊಡಬೇಕಿಲ್ಲ ನಿಜ, ಆದರೆ ಕೆಳಗೆ ರೋಗಿಗಳನ್ನಿಟ್ಟುಕೊಂಡು ಮೇಲೆ ಕಟ್ಟುವುದು ಹುಡುಗಾಟವಲ್ಲ. ಒಡೆದ ಗೋಡೆಯ ದೂಳಿನ ಜೊತೆ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಾಣು ಏಳುತ್ತದೆ. ಆರೋಗ್ಯವಂತರಿಗೆ ಅದು ಏನೂ ಮಾಡದು, ಕೀಮೊಥೆರಪಿಯಲ್ಲಿರುವವರ ಮತ್ತು ಅಂಗ ಕಸಿಯಾದವರ ಶ್ವಾಸಕೋಶದಲ್ಲಿ ಪ್ರಾಣಕ್ಕೇ ಬರುತ್ತದೆ. ನೆಲದಿಂದ ಸೂರಿನ ತನಕ ಬಿಗಿಯಾದ ತಡೆ, ಕಾಮಗಾರಿ ಕಡೆಯ ಗಾಳಿಯನ್ನು ಹೊರಗೆಳೆಯುವ ಫ್ಯಾನ್, ಕೂಲಿಯವರಿಗೆ ಬೇರೆ ಮೆಟ್ಟಿಲು ಇವು ಟೆಂಡರಿನಲ್ಲೇ ಇರಬೇಕು. ಹಳೆಯ ಕಾರಿಡಾರ್‌ನಲ್ಲಿ ಎರಡು ಟ್ರಾಲಿ ಎದುರುಬದುರಾಗಿ ಹಾಯಲು ಬೇಕಾದ 2.4 ಮೀಟರ್ ಅಗಲ ಸಿಗುವುದಿಲ್ಲ, ಸಿಕ್ಕರೂ ಬೀರು, ಸಿಲಿಂಡರ್, ಮುರಿದ ಗಾಲಿಕುರ್ಚಿ ಅಲ್ಲೇ ನಿಂತಿರುತ್ತವೆ. ಅಗ್ನಿಶಾಮಕದವರು ನಿರಾಕ್ಷೇಪಣೆ ಕೊಡಲು ಹಿಂಜರಿದರೆ ಅದು ಕಿರುಕುಳವಲ್ಲ. ಆಕ್ಸಿಜನ್ ತುಂಬಿದ ಐಸಿಯುವಿನಲ್ಲಿ ಕಿಡಿ ಹೊತ್ತಿದರೆ ವೆಂಟಿಲೇಟರ್ ಮೇಲಿರುವವರನ್ನು ಹೊರತರಲು ಸಿಗುವುದು ಕೆಲವೇ ನಿಮಿಷ.

ಕಟ್ಟಡ ಮುಗಿದ ದಿನದಿಂದ ಮೊದಲ ರೋಗಿಯ ತನಕದ ಕೆಲಸಕ್ಕೆ ಆರು ತಿಂಗಳಾದರೂ ಇಟ್ಟುಕೊಳ್ಳಬೇಕು. ಆಕ್ಸಿಜನ್ ಕೊಳವೆಯ ಬಾಯಿಯಲ್ಲಿ ಆಕ್ಸಿಜನ್ನೇ ಬರುತ್ತಿದೆಯೇ, ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅಲ್ಲವಲ್ಲ ಎಂದು ಒಂದೊಂದು ಪಾಯಿಂಟನ್ನೂ ಪರೀಕ್ಷಿಸಬೇಕು. ಕೊಳವೆ ಅದಲುಬದಲಾಗಿ ಸಾವುಗಳಾದದ್ದಿದೆ. ಎಕ್ಸ್‌ರೇ, ಸಿಟಿ, ಕ್ಯಾಥ್‌ಲ್ಯಾಬ್‌ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಓಟಿಯ ಗಾಳಿ ಗಂಟೆಗೆ ಇಪ್ಪತ್ತು ಸಲ ಬದಲಾಗುತ್ತಿದೆಯೇ ಎಂದು ಅಳೆಯಬೇಕು. ವೈದ್ಯಕೀಯ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಆದ್ದರಿಂದ ಒಯ್ಯುವವರ ಒಪ್ಪಂದ ಮೊದಲೇ ಆಗಬೇಕು. ವಿದ್ಯುತ್ ತೆಗೆದು ಜನರೇಟರ್ ಎಷ್ಟು ಸೆಕೆಂಡಿಗೆ ಏಳುತ್ತದೆ ಎಂದು ಕೈಯಾರೆ ನೋಡಬೇಕು. ಆಮೇಲೆ ಒಂದೊಂದೇ ವಾರ್ಡ್. ಮೊದಲು ಓಪಿಡಿ ಮತ್ತು ಲ್ಯಾಬ್, ನಂತರ ಹೆರಿಗೆ, ಮೆಡಿಕಲ್ ವಾರ್ಡ್, ಕೊನೆಗೆ ಐಸಿಯು. ಒಂದೇ ದಿನ ಎಲ್ಲ ತೆರೆದ ಕಡೆ ಮೂರನೇ ವಾರದಲ್ಲಿ ಲಿಫ್ಟ್ ಕೆಟ್ಟು ಓಟಿ ನಿಂತಿರುತ್ತದೆ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಒಂದರ ಬದಲು ಐದು ನಗರ ಪಾಲಿಕೆಗಳಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹೆರಿಗೆ ಆಸ್ಪತ್ರೆಗಳು, ಕ್ಲಿನಿಕ್‌ಗಳು ಪಾಲಿಕೆಗಳ ಕೈಯಲ್ಲಿ, ಜನರಲ್ ಆಸ್ಪತ್ರೆಗಳು ಆರೋಗ್ಯ ಇಲಾಖೆಯಲ್ಲಿ, ವಿಕ್ಟೋರಿಯಾ, ಬೌರಿಂಗ್, ಜಯದೇವ ವೈದ್ಯಕೀಯ ಶಿಕ್ಷಣ ಇಲಾಖೆಯಲ್ಲಿ, ನಿಮ್ಹಾನ್ಸ್ ಕೇಂದ್ರದಲ್ಲಿ. ಗರ್ಭಿಣಿಯೊಬ್ಬಳು ಪೂರ್ವ ಪಾಲಿಕೆಯ ಕ್ಲಿನಿಕ್‌ನಿಂದ ಇಲಾಖೆಯ ಕೆ.ಆರ್. ಪುರ ಆಸ್ಪತ್ರೆಗೆ, ಅಲ್ಲಿಂದ ವಾಣಿವಿಲಾಸಕ್ಕೆ ಹೋಗುವಾಗ ಮೂರು ಆಡಳಿತ ದಾಟುತ್ತಾಳೆ, ಮೂರು ಕಡೆಯೂ ರಕ್ತಪರೀಕ್ಷೆ ಮೊದಲಿನಿಂದ. ವಾಪಸ್ ಬರುವ ದಾರಿಯಂತೂ ಇಲ್ಲವೇ ಇಲ್ಲ. ದೊಡ್ಡಾಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಎರಡನೆಯ ದಿನ ಆರಾಮಾಗಿರುವ ಬಾಣಂತಿಯನ್ನು ಅವಳ ಮನೆ ಹತ್ತಿರದ ಆಸ್ಪತ್ರೆಗೆ ಉಳಿದೆರಡು ದಿನಕ್ಕೆ ಕಳಿಸಲು ಬೇಕಾಗಿರುವುದು ಒಂದು ಗಾಡಿ, ಒಂದು ಫೋನು, ಅವಳನ್ನು ಒಪ್ಪಿಸಿಕೊಳ್ಳಲು ಆ ಕಡೆ ಒಬ್ಬ ಸಿಸ್ಟರ್. ಯಾರ ಗಾಡಿ, ಡೀಸೆಲ್ ಯಾವ ಲೆಕ್ಕಕ್ಕೆ ಎಂಬಲ್ಲಿಗೆ ಕಡತ ನಿಲ್ಲುತ್ತದೆ.